ಎರಡು ಗೋಲು ಮುಂದಿದ್ದಾಗ ಎದ್ದು ಬಂದವನ ರಾತ್ರಿಗಳು

2024ರ ಏಪ್ರಿಲ್ 24ರ ರಾತ್ರಿ ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಂಡು, ಆಮೇಲೆ ಉಳಿದ ಮಾತನ್ನು ಆಡುತ್ತೇನೆ. ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಸೆಮಿಫೈನಲ್‌ನ ಮೊದಲ ಲೆಗ್ ಅಂದು ನಡೆದಿತ್ತು; ಲೆಗ್ ಎಂದರೆ ಎರಡು ಪಂದ್ಯಗಳಲ್ಲಿ ಒಂದು, ಎರಡರ ಗೋಲುಗಳನ್ನೂ ಕೂಡಿಸಿ ಗೆದ್ದವರು ಯಾರೆಂದು ತೀರ್ಮಾನಿಸುತ್ತಾರೆ. ಎದುರಾಳಿ ಮುಂಬೈ ಸಿಟಿ. 16ನೇ ನಿಮಿಷದಲ್ಲಿ ಬೋರಿಸ್ ಸಿಂಗ್, 56ನೇ ನಿಮಿಷದಲ್ಲಿ ಬ್ರ್ಯಾಂಡನ್ ಫರ್ನಾಂಡಿಸ್ ಗೋಲು ಹೊಡೆದು ನಮ್ಮ ತಂಡ ಎಫ್‌ಸಿ ಗೋವಾಕ್ಕೆ 2–0 ಮುನ್ನಡೆ ತಂದುಕೊಟ್ಟಿದ್ದರು. ನಿಗದಿತ ಅವಧಿಗೆ ಇನ್ನು ಎರಡೇ ನಿಮಿಷ ಇದ್ದಾಗ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದ ಸಹೋದ್ಯೋಗಿ, ಮರುದಿನ ಬೆಳಗಿನ ಪಾಳಿಗೆ ಬಂದರಿನಲ್ಲಿ ಹಾಜರಿರಬೇಕಾಗಿದ್ದ ಕಾರಣ, ಜನ ಹೊರಬೀಳುವ ಮೊದಲೇ ಹೊರಟರೆ ವಾಸ್ಕೋವನ್ನು ಬೇಗ ಮುಟ್ಟಬಹುದು ಎಂದರು. ಸುಮಾರು 30 ಕಿಲೋಮೀಟರ್ ದಾರಿ. ಎರಡು ಗೋಲಿನ ಮುನ್ನಡೆ. ನಾನೂ ಎದ್ದೆ.

ಸ್ಕೂಟರ್ ನಿಲ್ಲಿಸಿದ್ದ ಜಾಗ ಮುಟ್ಟಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿರುವಾಗ ಒಳಗಿನಿಂದ ಒಂದು ಸದ್ದು ಬಂತು. ತವರಿನ ತಂಡ ಗೋಲು ಹೊಡೆದರೆ ಏಳುವ ಸದ್ದು ಹೇಗಿರುತ್ತದೆಂದು ಫಾತೋರ್ಡಾದಲ್ಲಿ ಹತ್ತು ವರ್ಷ ಪಂದ್ಯ ನೋಡಿದವನಿಗೆ ಗೊತ್ತು, ಗೋಲು ತಿಂದರೆ ಬರುವ ಸದ್ದೂ ಗೊತ್ತು, ಇದು ಎರಡನೆಯದು. ಒಂದು ತಾನೇ, ಇನ್ನೂ 2–1 ಇದೆಯಲ್ಲ ಎಂದುಕೊಂಡೆವು. ನಿಮಿಷ ಕಳೆಯುವುದರೊಳಗೆ ಅದೇ ಸದ್ದು ಮತ್ತೊಮ್ಮೆ ಬಂತು. ಆಮೇಲೆ ನಾವು ಹೊರಡಲೂ ಇಲ್ಲ, ಒಳಗೆ ಹೋಗಲೂ ಇಲ್ಲ, ಮೊಬೈಲಿನ ಪರದೆಯ ಮೇಲೆ ತಲೆ ಬಗ್ಗಿಸಿ ನಿಂತೆವು. 90ನೇ ನಿಮಿಷದಲ್ಲಿ ಮುಂಬೈನ ಛಾಂಗ್ಟೆ, ಹಿಂದೆಯೇ ವಿಕ್ರಮ್ ಪ್ರತಾಪ್ ಸಿಂಗ್, ಹೆಚ್ಚುವರಿಯಾಗಿ ಕೊಟ್ಟ ಸಮಯದ ಆರನೇ ನಿಮಿಷದಲ್ಲಿ ಮತ್ತೆ ಛಾಂಗ್ಟೆ. 2–0 ಇದ್ದದ್ದು 2–3 ಆಗಿ ಪಂದ್ಯ ಮುಗಿಯಿತು. ಮೂರನೇ ಗೋಲಿಗೆ ಒಳಗಿನಿಂದ ಸದ್ದೇ ಬರಲಿಲ್ಲ, ಅಥವಾ ಬಂದದ್ದು ನನಗೆ ಕೇಳಿಸಲಿಲ್ಲ.

ಮನೆ ಸೇರಿ ಊಟ ಮಾಡಿದ ಮೇಲೆ, ನಡುರಾತ್ರಿ ದಾಟಿದಾಗ, ಟಿವಿಯಲ್ಲಿ ಅದೇ ಪಂದ್ಯದ ಮರುಪ್ರಸಾರ ಬಂತು. ಫಲಿತಾಂಶ ಗೊತ್ತಿದ್ದ ಪಂದ್ಯವನ್ನು, ಅದೂ ನಾನು ಕಣ್ಣಾರೆ ಮುಕ್ಕಾಲುಪಾಲಿಗಿಂತ ಹೆಚ್ಚು ನೋಡಿದ್ದ ಪಂದ್ಯವನ್ನು, ಮತ್ತೆ ಮೊದಲಿನಿಂದ ನೋಡಲು ಕುಳಿತೆ. ಕೊನೆಯ ಎಂಟು ನಿಮಿಷಗಳಷ್ಟೇ ನನಗೆ ಬೇಕಾಗಿದ್ದವು. ಆದರೆ ಮಧ್ಯದಿಂದ ನೋಡಿದರೆ ಅದು ಇನ್ನಷ್ಟು ದೊಡ್ಡ ಅಪರಾಧವಾಗುತ್ತದೆ ಎಂಬ ಭಾವನೆ ಏಕೋ ಬಂದಿತ್ತು. ಕ್ಯಾಮೆರಾ ಒಮ್ಮೆ ಪ್ರೇಕ್ಷಕರ ಕಡೆ ತಿರುಗಿದಾಗ ನಾನು ಕುಳಿತಿದ್ದ ಸಾಲಿನ ಸುತ್ತಮುತ್ತ ಖಾಲಿ ಆಸನಗಳು ಅಲ್ಲಲ್ಲಿ ಕಂಡವು. ಹಾಗಾದರೆ ಎದ್ದು ಬಂದವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನ ಅರೆಕ್ಷಣ ಬಂದು ಹೋಯಿತು.

ನಮ್ಮದು ವಾಸ್ಕೋದಲ್ಲಿ ಒಂದೂವರೆ ಕೋಣೆಯ ಮನೆ. ಟಿವಿ ಇರುವ ಕೋಣೆಯಲ್ಲೇ ಅವ್ವ ಮಲಗುತ್ತಾಳೆ. ಆದ್ದರಿಂದ ಈ ಮನೆಯಲ್ಲಿ ಫುಟ್‌ಬಾಲ್ ಎಂದರೆ ಮೂಕಿ ಚಿತ್ರ. ಯುರೋಪಿನ ಕ್ರೀಡಾಂಗಣಗಳಲ್ಲಿ ಲಕ್ಷ ಜನ ಕೂಗುತ್ತಿದ್ದರೂ ನನಗೆ ಕೇಳುವುದು ಫ್ಯಾನಿನ ಸದ್ದು, ಗೂಡ್ಸ್ ಗಾಡಿಯ ಸಿಳ್ಳೆ, ಅವ್ವನ ಉಸಿರು. ಗೋಲು ಬಿದ್ದರೆ ಬಾಯಿಗೆ ಟವೆಲ್ ಒತ್ತಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಪ್ರತಿ ಪಂದ್ಯದ ಯಾವುದೋ ಒಂದು ಗಳಿಗೆಯಲ್ಲಿ ಕತ್ತಲಿನಿಂದ, "ಏನಪಾ, ಇನ್ನೂ ಕುಂತೀಯೇನು? ಮಲಕೋಬಾರದೇನು?" ಎಂಬ ಮಾತು ಬಂದೇ ಬರುತ್ತದೆ. ಐವತ್ತು ವರ್ಷ ಗೋವಾದಲ್ಲಿ ಇದ್ದರೂ ಅವ್ವನ ಮಾತು ಹಾವೇರಿ ಬಿಟ್ಟು ಒಂದು ಹರದಾರಿಯೂ ಈಚೆ ಬಂದಿಲ್ಲ. ಅಪ್ಪ ಮುರ್ಮುಗಾಂವ್ ಬಂದರಿನಲ್ಲಿ ಕಬ್ಬಿಣದ ಅದಿರು ತುಂಬುವ ಕೆಲಸಕ್ಕೆಂದು ಬಂದವರು. ನಾನು ಹುಟ್ಟಿದ್ದೇ ಇಲ್ಲಿ.

ನನಗೆ ರಾತ್ರಿಯ ಫುಟ್‌ಬಾಲಿನ ರುಚಿ ಹತ್ತಿಸಿದವರೂ ಅಪ್ಪನೇ. 1986ರ ಜೂನ್ 29. ಮೆಕ್ಸಿಕೋದಲ್ಲಿ ನಡುಹಗಲು ಹನ್ನೆರಡಕ್ಕೆ ಆರಂಭವಾದ ವಿಶ್ವಕಪ್ ಫೈನಲ್ ನಮ್ಮಲ್ಲಿ ರಾತ್ರಿ ಹನ್ನೊಂದೂವರೆಗೆ ದೂರದರ್ಶನದಲ್ಲಿ ಬಂತು. ಗೋವಾ ಇನ್ನೂ ರಾಜ್ಯವಾಗಿರಲಿಲ್ಲ, ಕೇಂದ್ರಾಡಳಿತ ಪ್ರದೇಶವಾಗಿತ್ತು. ಒಂಬತ್ತು ವರ್ಷದ ನನ್ನನ್ನು ಅಪ್ಪ ನಿದ್ದೆಯಿಂದ ಎಬ್ಬಿಸಿ, ಗೋಣಿಚೀಲದ ಕೊಪ್ಪೆ ಹಾಕಿ, ಸುರಿಯುವ ಮಳೆಯಲ್ಲಿ ಎರಡು ಓಣಿ ದಾಟಿಸಿ, ಕಪ್ಪು ಬಿಳುಪಿನ ಟಿವಿ ಇದ್ದ ಕ್ರೈಸ್ತರೊಬ್ಬರ ಮನೆಯ ಪಡಸಾಲೆಗೆ ಕರೆದೊಯ್ದಿದ್ದರು. ಅರ್ಜೆಂಟೀನಾ 2–0 ಮುಂದಿದ್ದದ್ದು, ಪಶ್ಚಿಮ ಜರ್ಮನಿ ಎರಡನ್ನೂ ತೀರಿಸಿ 2–2 ಮಾಡಿದ್ದು, ಆಮೇಲೆ ಮರಡೋನಾ ಕೊಟ್ಟ ಪಾಸಿನ ಮೇಲೆ ಬುರುಚಾಗಾ ಓಡಿ ಹೊಡೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಗೋಲಿನ ಮುನ್ನಡೆ ಎಷ್ಟು ಸುಲಭವಾಗಿ ಕರಗುತ್ತದೆ ಎಂಬುದನ್ನು ಒಂಬತ್ತನೇ ವಯಸ್ಸಿಗೇ ನೋಡಿದ್ದವನು ನಲವತ್ತೇಳನೇ ವಯಸ್ಸಿನಲ್ಲಿ ಫಾತೋರ್ಡಾದಿಂದ ಎದ್ದು ಬಂದನಲ್ಲ, ಅದಕ್ಕೆ ಏನೆನ್ನುವುದು!

ಆ ಮರುಪ್ರಸಾರದ ರಾತ್ರಿ ನಿದ್ದೆ ಬಾರದೆ ಯೋಚಿಸಿದ್ದು, ಲೀಗ್ ಹಂತ ಮುಗಿದ ಮೇಲೂ ಕೆಲವು ತಂಡಗಳನ್ನು ಮತ್ತೆ ಆಡಿಸುವ ಪ್ಲೇಆಫ್ ಎಂಬ ಈ ವ್ಯವಸ್ಥೆಯ ಬಗೆಗೆ. ನನಗೆ ಅದರ ಮೇಲೆ ಹಳೆಯ ಸಿಟ್ಟಿದೆ, ಆದರೆ ಎಲ್ಲ ಪ್ಲೇಆಫ್‌ಗಳ ಮೇಲೂ ಇಲ್ಲ. ಸೋತವನಿಗೆ ಇನ್ನೊಂದು ಬಾಗಿಲು ತೆರೆಯುವ ಪ್ಲೇಆಫ್ ಒಂದಿದೆ. ಗೆದ್ದವನ ಮುಂದೆ ಬಾಗಿಲು ಮುಚ್ಚುವ ಪ್ಲೇಆಫ್ ಇನ್ನೊಂದಿದೆ. ಇವೆರಡಕ್ಕೂ ಒಂದೇ ಹೆಸರಿಟ್ಟಿರುವುದರಿಂದ ಚರ್ಚೆಗೆ ಕುಳಿತ ಎಲ್ಲರೂ ಒಬ್ಬರ ಮಾತು ಒಬ್ಬರಿಗೆ ತಾಗದಂತೆ ವಾದಿಸುತ್ತಿರುತ್ತಾರೆ.

ಇಂಡಿಯನ್ ಸೂಪರ್ ಲೀಗ್‌ನಲ್ಲಿ 2024–25ರವರೆಗೆ ಇದ್ದದ್ದು ಎರಡನೆಯ ಬಗೆಯದು. 2014ರಲ್ಲಿ ಆರಂಭವಾದಾಗಿನಿಂದ ಲೀಗ್ ಹಂತದ ಮೊದಲ ನಾಲ್ಕು ತಂಡಗಳು ಸೆಮಿಫೈನಲ್ ಆಡುತ್ತಿದ್ದವು. 2022–23ರಿಂದ ಆರು ತಂಡಗಳಿಗೆ ಅವಕಾಶ ಬಂತು: ಮೊದಲ ಎರಡು ತಂಡಗಳು ನೇರವಾಗಿ ಸೆಮಿಫೈನಲ್‌ಗೆ, ಮೂರರಿಂದ ಆರರವರೆಗಿನವರು ಒಂದೊಂದೇ ಪಂದ್ಯದ ನಾಕೌಟ್‌ಗೆ. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ 2019–20ರಲ್ಲಿ ಬಂದಿತಾದರೂ ‘ಚಾಂಪಿಯನ್’ ಎಂಬ ಹೆಸರು ಸಿಗುತ್ತಿದ್ದದ್ದು ಪ್ಲೇಆಫ್ ಗೆದ್ದವರಿಗೆ ಮಾತ್ರ. ಕ್ರಿಕೆಟ್ ನೋಡುವ ನನ್ನ ಸೋದರಳಿಯ, ಐಪಿಎಲ್‌ನಲ್ಲೂ ಪ್ಲೇಆಫ್ ಇದೆಯಲ್ಲ ಮಾಮಾ, ಅದರಲ್ಲೇನು ತಪ್ಪು ಎಂದು ಕೇಳುತ್ತಾನೆ. ಅಲ್ಲಿ 2011ರಿಂದ ಮೊದಲ ಎರಡು ಸ್ಥಾನದವರು ಒಮ್ಮೆ ಸೋತರೂ ಫೈನಲ್ ಸೇರಲು ಇನ್ನೊಂದು ಅವಕಾಶ ಇರುತ್ತದೆ. ತಿಂಗಳುಗಟ್ಟಲೆ ದುಡಿದದ್ದಕ್ಕೆ ಅಷ್ಟಾದರೂ ಕೂಲಿ ಸಿಗುತ್ತದೆ. ನಮ್ಮ ಫುಟ್‌ಬಾಲಿನಲ್ಲಿ ಮೊದಲ ಸ್ಥಾನದವನಿಗೆ ಸೆಮಿಫೈನಲ್‌ನಲ್ಲಿ ಸಿಗುತ್ತಿದ್ದ ಲಾಭವೆಂದರೆ ಎರಡನೇ ಲೆಗ್ ತವರಿನಲ್ಲಿ ಆಡುವುದು. ಅಷ್ಟೇ.

ಈ ಕೂಲಿಯ ಲೆಕ್ಕದಲ್ಲಿ ಗೋವಾದವರಿಗೆ ಬಾಕಿ ಬಹಳ ಇದೆ. 2015ರಲ್ಲಿ ಲೀಗ್ ಹಂತದಲ್ಲಿ ಮೊದಲು ಬಂದದ್ದು ಎಫ್‌ಸಿ ಗೋವಾ, ಫೈನಲ್ ನಡೆದದ್ದು ನಮ್ಮ ಫಾತೋರ್ಡಾದಲ್ಲೇ, 87ನೇ ನಿಮಿಷದಲ್ಲಿ 2–1 ಮುಂದಾದದ್ದೂ ನಾವೇ. ಗೆದ್ದದ್ದು 3–2ರಲ್ಲಿ ಚೆನ್ನೈಯಿನ್. 2019–20ರಲ್ಲಿ ಗೋವಾ 18 ಪಂದ್ಯಗಳಲ್ಲಿ 39 ಅಂಕ ಗಳಿಸಿ ಮೊದಲ ಶೀಲ್ಡ್ ಪಡೆಯಿತು, ಆ ಮೂಲಕ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಆಯಿತು. 29 ಅಂಕ ಗಳಿಸಿ ನಾಲ್ಕನೇ ಸ್ಥಾನದಲ್ಲಿದ್ದ ಚೆನ್ನೈಯಿನ್ ಸೆಮಿಫೈನಲ್‌ನ ಮೊದಲ ಲೆಗ್‌ನಲ್ಲಿ ನಮ್ಮನ್ನು 4–1ರಿಂದ ಮಣಿಸಿತು. ಮಡಗಾಂವಿನಲ್ಲಿ ನಾವು 4–2ರಿಂದ ಗೆದ್ದರೂ ಒಟ್ಟು 5–6ರಿಂದ ಹೊರಬಿದ್ದೆವು. ಇದು ಗೋವಾದವರ ಹಣೆಬರಹ ಮಾತ್ರ ಎಂದುಕೊಳ್ಳಬೇಡಿ. 2017–18ರಲ್ಲಿ ಬೆಂಗಳೂರು ಎಫ್‌ಸಿ ಎರಡನೇ ಸ್ಥಾನದವರಿಗಿಂತ ಎಂಟು ಅಂಕ ಮುಂದಿದ್ದು ಲೀಗ್ ಮುಗಿಸಿತ್ತು. ಕಂಠೀರವ ಕ್ರೀಡಾಂಗಣದಲ್ಲಿ, ತಮ್ಮದೇ ಜನರ ಮುಂದೆ, ಅದೇ ಎರಡನೇ ಸ್ಥಾನದ ತಂಡಕ್ಕೆ 2–3ರಿಂದ ಫೈನಲ್ ಒಪ್ಪಿಸಿತು. ಆ ಎರಡನೇ ಸ್ಥಾನದ ತಂಡ ಯಾವುದೆಂದು ಬೇರೆ ಹೇಳಬೇಕೇ, ಚೆನ್ನೈಯಿನ್. ಚೆನ್ನೈನವರಿಗೆ ಪ್ಲೇಆಫ್ ಮೇಲೆ ಅಕ್ಕರೆ ಇದ್ದರೆ ಅದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ.

ಈ ಏರ್ಪಾಡು ಯಾರಿಗಾಗಿ ಇತ್ತು ಎಂದರೆ, ಟಿವಿಗಾಗಿ. ಸುಮ್ಮನೆ ಅಂಕಪಟ್ಟಿಯನ್ನೇ ನಂಬಿದರೆ ಯಾವುದೋ ಒಂದು ತಂಡ ನಾಲ್ಕು ಪಂದ್ಯ ಬಾಕಿ ಇರುವಾಗಲೇ ಗೆದ್ದು ಕುಳಿತುಬಿಡಬಹುದು, ಆಮೇಲಿನ ಪಂದ್ಯಗಳನ್ನು ಆಡುವವರ ಮನೆಯವರು ಮಾತ್ರ ನೋಡುತ್ತಾರೆ. ಹದಿಮೂರು ತಂಡಗಳಲ್ಲಿ ಆರಕ್ಕೆ ದಾರಿ ಬಿಟ್ಟರೆ ಎಂಟೊಂಬತ್ತು ಊರುಗಳಲ್ಲಿ ಕೊನೆಯ ವಾರದವರೆಗೆ ಆಸೆ ಉಳಿದಿರುತ್ತಿತ್ತು, ಟಿವಿ ಹಚ್ಚಿಯೇ ಇರುತ್ತಿತ್ತು. ಪಂದ್ಯದ ವೇಳೆಯೂ ಅದೇ ಲೆಕ್ಕಕ್ಕೆ ಸೇರಿದ್ದು. ಸಂಜೆ ಏಳೂವರೆ ಎಂದರೆ ಮನೆಯಲ್ಲಿ ಕುಳಿತವನಿಗೆ ಊಟಕ್ಕೆ ಮುಂಚಿನ ಹದವಾದ ಹೊತ್ತು. ವಾಸ್ಕೋದಿಂದ ಮಡಗಾಂವಿಗೆ ಹೋಗಿ ಬರಬೇಕಾದವನಿಗೆ, ಹೆಚ್ಚುವರಿ ಅವಧಿ ಮತ್ತು ಪೆನಾಲ್ಟಿಯವರೆಗೆ ಹೋದರೆ ಹತ್ತೂವರೆ ಆಗುವ ಪಂದ್ಯ. ಕ್ರೀಡಾಂಗಣಕ್ಕೆ ಬಂದವನು ಎರಡು ನಿಮಿಷ ಮೊದಲು ಏಕೆ ಏಳುತ್ತಾನೆ ಎಂಬುದಕ್ಕೆ ನನ್ನ ಸಮಜಾಯಿಷಿ ಇದು. ಒಳ್ಳೆಯ ಸಮಜಾಯಿಷಿ ಅಲ್ಲವೆಂದು ನನಗೂ ಗೊತ್ತು.

ಟಿವಿಯ ಲೆಕ್ಕ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಾವು ವಾಸ್ಕೋದವರು ಕೋವಿಡ್ ಕಾಲದಲ್ಲಿ ಕಂಡಿದ್ದೇವೆ. 2020–21ರಲ್ಲಿ ಇಡೀ ಲೀಗ್ ಗೋವಾದ ಮೂರು ಮೈದಾನಗಳಲ್ಲಿ, ಫಾತೋರ್ಡಾ, ಬಾಂಬೋಳಿ ಮತ್ತು ನಮ್ಮ ವಾಸ್ಕೋದ ತಿಲಕ್ ಮೈದಾನದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ನಮ್ಮ ತಾರಸಿಯ ಮೇಲೆ ನಿಂತರೆ ತಿಲಕ್ ಮೈದಾನದ ದೀಪಗಳ ಬೆಳಕು ಆಕಾಶಕ್ಕೆ ಹರಡಿದ್ದು ಕಾಣುತ್ತಿತ್ತು. ನಡೆದರೆ ಇಪ್ಪತ್ತು ನಿಮಿಷದ ದಾರಿ. ಆದರೆ ಆ ಬೆಳಕಿನ ಕೆಳಗೆ ನಡೆಯುತ್ತಿದ್ದ ಆಟ ನೋಡಬೇಕಾದರೆ ಕೆಳಗಿಳಿದು ಬಂದು ಟಿವಿ ಮುಂದೆ ಕೂರಬೇಕಾಗಿತ್ತು. ಕೂರುತ್ತಿದ್ದೆ. ನಮ್ಮೂರಿನ ಆಟ ಆಕಾಶಕ್ಕೆ ಹೋಗಿ, ಅಲ್ಲಿಂದ ಎಲ್ಲಿಗೋ ಇಳಿದು, ಕೆಲವು ಸೆಕೆಂಡು ತಡವಾಗಿ ನಮ್ಮೂರಿಗೇ ವಾಪಸು ಬರುತ್ತಿತ್ತು. ಆ ವರ್ಷದ ಸೆಮಿಫೈನಲ್‌ನಲ್ಲಿ ಗೋವಾ ಮತ್ತು ಮುಂಬೈ 2–2, 0–0 ಎಂದು ಸಮನಾಗಿ, ಬಾಂಬೋಳಿಯಲ್ಲಿ ಪೆನಾಲ್ಟಿಗೆ ಹೋಯಿತು. ಪೆನಾಲ್ಟಿಗೆಂದೇ ಎರಡೂ ತಂಡದವರು ಗೋಲ್‌ಕೀಪರ್‌ಗಳನ್ನು ಬದಲಿಸಿದರು; ಇಂಥದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮುಂಬೈ 6–5ರಿಂದ ಗೆದ್ದಿತು. ಜನರೇ ಇಲ್ಲದ ಕ್ರೀಡಾಂಗಣದಲ್ಲಿ ಆಟಗಾರರ ಕೂಗು ಮಾತ್ರ ಪ್ರತಿಧ್ವನಿಸುತ್ತಿದ್ದ ಆ ರಾತ್ರಿ, ನಮ್ಮ ಮನೆಯ ಮೂಕ ಟಿವಿಗೂ ಕ್ರೀಡಾಂಗಣಕ್ಕೂ ಹೆಚ್ಚು ಅಂತರ ಇರಲಿಲ್ಲ.

ಇನ್ನು ಮೊದಲ ಬಗೆಯ ಪ್ಲೇಆಫ್. ಇಂಗ್ಲೆಂಡಿನ ಎರಡನೇ ಹಂತದ ಲೀಗ್‌ನಲ್ಲಿ 1987ರಿಂದ ಇದು ನಡೆದುಬಂದಿದೆ. 2024–25ರ ಪದ್ಧತಿಯಲ್ಲಿ ಮೊದಲ ಎರಡು ತಂಡಗಳು ಯಾರ ಹಂಗೂ ಇಲ್ಲದೆ ಮೇಲಿನ ಹಂತಕ್ಕೆ ಏರುತ್ತಿದ್ದವು; ಉಳಿದ ಒಂದು ಸ್ಥಾನಕ್ಕಾಗಿ ಮೂರರಿಂದ ಆರನೇ ಸ್ಥಾನದವರು ಸೆಣಸುತ್ತಿದ್ದರು. ಗೆದ್ದವರ ಗಳಿಕೆಯನ್ನು ಯಾರೂ ಮುಟ್ಟುವುದಿಲ್ಲ, ಕೈತಪ್ಪಿದವರಿಗೆ ಮತ್ತೊಂದು ಅವಕಾಶ ಇರುತ್ತದೆ. 2025ರ ಮೇ 13ರಂದು ಸಂಡರ್‌ಲ್ಯಾಂಡ್ ಮತ್ತು ಕೊವೆಂಟ್ರಿ ತಂಡಗಳ ಸೆಮಿಫೈನಲ್‌ನ ಎರಡನೇ ಲೆಗ್ ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೆ ಆರಂಭವಾಯಿತು. ಈ ಎರಡು ಊರುಗಳನ್ನು ನಾನು ಭೂಪಟದಲ್ಲೂ ಸರಿಯಾಗಿ ತೋರಿಸಲಾರೆ. ಆದರೂ ಹೆಚ್ಚುವರಿ ಅವಧಿಯೂ ಮುಗಿದು, ಅದರ ಮೇಲಿನ ಎರಡನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡು ಡ್ಯಾನ್ ಬ್ಯಾಲಾರ್ಡ್ ತಲೆಗೆ ತಾಗಿ ಒಳಹೋದಾಗ, ಬೆಳಗಿನ ಮೂರು ಗಂಟೆ ದಾಟಿದ್ದ ಆ ಹೊತ್ತಿನಲ್ಲಿ, ನಾನು ಟವೆಲ್ ಕಚ್ಚಿಕೊಂಡು ನಡುಗುತ್ತಿದ್ದೆ. ಮುಂದೆ ಫೈನಲ್‌ನಲ್ಲಿ 76 ಅಂಕದ ಸಂಡರ್‌ಲ್ಯಾಂಡ್ 90 ಅಂಕದ ಶೆಫೀಲ್ಡ್ ಯುನೈಟೆಡ್ ತಂಡವನ್ನು 95ನೇ ನಿಮಿಷದ ಗೋಲಿನಿಂದ ಸೋಲಿಸಿ ಮೇಲೇರಿತು. ಹದಿನಾಲ್ಕು ಅಂಕದ ವ್ಯತ್ಯಾಸ ಒಂದೇ ಒದೆತದಲ್ಲಿ ಅಳಿಸಿಹೋದದ್ದು ಅನ್ಯಾಯವಲ್ಲವೇ ಎಂದರೆ, ಅಲ್ಲ ಎನ್ನುತ್ತೇನೆ. ಮೂರನೆಯವನಾಗಿ ಬಂದವನು ನೇರ ದಾರಿಯನ್ನು ಆಗಲೇ ಕಳೆದುಕೊಂಡಿದ್ದ. ಈ ಬಾಗಿಲು ಅವನ ಸೊತ್ತಲ್ಲ, ನಾಲ್ವರಿಗೂ ಸೇರಿದ್ದು.

ವಿಶ್ವಕಪ್ ಅರ್ಹತೆಯ ಪ್ಲೇಆಫ್‌ಗಳನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಇಟಲಿ 2017ರ ನವೆಂಬರ್‌ನಲ್ಲಿ ಸ್ವೀಡನ್ ಎದುರು ಮಿಲಾನ್‌ನಲ್ಲಿ ಗೋಲಿಲ್ಲದೆ ಡ್ರಾ ಮಾಡಿಕೊಂಡು, ಮೊದಲ ಲೆಗ್‌ನ ಒಂದು ಗೋಲಿನ ಸೋಲಿನಿಂದಾಗಿ ಹೊರಬಿದ್ದಾಗ, ಗೋಲ್‌ಕೀಪರ್ ಬುಫೋನ್ ಅತ್ತದ್ದನ್ನು ರಾತ್ರಿ ಮೂರರ ಹೊತ್ತಿಗೆ ನೋಡಿ ನಾನೂ ಕಣ್ಣೊರೆಸಿಕೊಂಡಿದ್ದೆ. 1958ರ ನಂತರ ಇಟಲಿ ಇಲ್ಲದ ಮೊದಲ ವಿಶ್ವಕಪ್ ಆಗಲಿತ್ತು ಅದು. ನಾಲ್ಕು ವರ್ಷ ನಾಲ್ಕು ತಿಂಗಳ ಬಳಿಕ, ಯುರೋಪಿನ ಚಾಂಪಿಯನ್ ಎನಿಸಿಕೊಂಡ ಮರುವರ್ಷವೇ, ಅದೇ ಇಟಲಿ ಪಲೆರ್ಮೊದಲ್ಲಿ ಉತ್ತರ ಮೆಸಿಡೋನಿಯಾಕ್ಕೆ 92ನೇ ನಿಮಿಷದ ಗೋಲಿನಿಂದ ಸೋತಿತು. ಈ ಸಲ ಕಣ್ಣೀರು ಬರಲಿಲ್ಲ. ಉತ್ತರ ಮೆಸಿಡೋನಿಯಾದವರು ಕುಣಿಯುವುದನ್ನು ನೋಡುತ್ತ ಕುಳಿತೆ. ಗುಂಪಿನಲ್ಲಿ ಮೊದಲು ಬಂದಿದ್ದರೆ ಈ ಪಂದ್ಯವೇ ಇಟಲಿಗೆ ಬೇಕಾಗಿರಲಿಲ್ಲ ಎಂಬುದು ಮುಖ್ಯ.

ಯುರೋಪಿನ ರಾತ್ರಿಗಳ ಬಗ್ಗೆ ಒಂದು ಉಪಕಥೆ. ಅಲ್ಲಿನವರು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್ ಕೊನೆಯ ಭಾನುವಾರ ಮುಂದಕ್ಕೆ. ಅವರ ರಾತ್ರಿ ಒಂಬತ್ತರ ಪಂದ್ಯ ಬೇಸಿಗೆಯಲ್ಲಿ ನಮಗೆ ಹನ್ನೆರಡೂವರೆಗೆ ಬಂದರೆ ಚಳಿಗಾಲದಲ್ಲಿ ಒಂದೂವರೆಗೆ ಬರುತ್ತದೆ. ಇದನ್ನು ಅವ್ವನಿಗೆ ವಿವರಿಸಲು ಹೋಗಿ, "ಅವರು ಗಡಿಯಾರ ತಿರುವಿದ್ರ ನಿನ್ನ ನಿದ್ದಿ ಯಾಕ ಹೋಗಬೇಕು?" ಎಂಬ ಪ್ರಶ್ನೆಗೆ ಉತ್ತರ ಕೊಡಲಾಗದೆ ಸುಮ್ಮನಾದೆ. ಕ್ಲಬ್ ಫುಟ್‌ಬಾಲಿನ ನಿರ್ಣಾಯಕ ಪಂದ್ಯಗಳೆಲ್ಲ ಸಾಮಾನ್ಯವಾಗಿ ಫೆಬ್ರವರಿಯಿಂದ ಶುರುವಾಗುವುದರಿಂದ, ವರ್ಷದ ಅತ್ಯಂತ ತಡದ ರಾತ್ರಿಗಳು ಅವೇ. 2024–25ರಲ್ಲಿ ಚಾಂಪಿಯನ್ಸ್ ಲೀಗ್ ತನ್ನ ರೂಪ ಬದಲಿಸಿ, 36 ತಂಡಗಳನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸಿ, ಒಂಬತ್ತರಿಂದ ಇಪ್ಪತ್ತನಾಲ್ಕರವರೆಗಿನವರಿಗೆ ಪ್ಲೇಆಫ್ ಒಂದನ್ನು ಸೃಷ್ಟಿಸಿದಾಗ, ಇದು ಟಿವಿಯವರ ಮತ್ತೊಂದು ಉಪಾಯ ಎಂದು ಬೈದವರಲ್ಲಿ ನಾನೂ ಒಬ್ಬ. ಆಮೇಲೆ ಆ ಪ್ಲೇಆಫ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಮ್ಯಾಂಚೆಸ್ಟರ್ ಸಿಟಿಯೇ ಎದುರಾದದ್ದು ಕೇಳಿ, ಬೈಗುಳವನ್ನು ಬದಿಗಿಟ್ಟು ಅಲಾರಾಂ ಇಟ್ಟೆ. ಪಟ್ಟಿಯಲ್ಲಿ ಹದಿನೈದನೆಯದಾಗಿದ್ದ ಪ್ಯಾರಿಸ್ ತಂಡ ಇದೇ ಪ್ಲೇಆಫ್‌ನಿಂದ ನುಸುಳಿ ಬಂದು, ಫೈನಲ್‌ನಲ್ಲಿ ಇಂಟರ್ ತಂಡವನ್ನು 5–0ರಿಂದ ಸೋಲಿಸಿ ಕಪ್ ಎತ್ತಿತು. ಹದಿನೈದನೆಯವನು ಚಾಂಪಿಯನ್ ಆಗುವುದು ಸರಿಯೇ? ನನ್ನ ತತ್ತ್ವದ ಪ್ರಕಾರ ಸರಿಯಲ್ಲ. ಆದರೆ ಅದು ಕಪ್, ಲೀಗ್ ಅಲ್ಲ. ಕಪ್‌ನಲ್ಲಿ ಅದೃಷ್ಟಕ್ಕೂ ಒಂದು ಆಸನ ಮೀಸಲು. ಈ ಮಾತಿನಲ್ಲಿ ನಾನು ಸ್ವಲ್ಪ ಜಾರಿಕೊಳ್ಳುತ್ತಿದ್ದೇನೆ ಎಂದು ಓದುಗರು ಹೇಳಿದರೆ ಅಲ್ಲಗಳೆಯುವುದಿಲ್ಲ.

ಅದೃಷ್ಟದ ಮಾತು ಬಂದಾಗ ಕಟ್ಟಿಮನಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ. ಈ ಅಡ್ಡಹೆಸರು ಕೇಳಿದ ಕೂಡಲೇ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. ನಮ್ಮ ಓಣಿಯ ಕನ್ನಡಿಗರೆಲ್ಲ ಅವರನ್ನು ‘ನಮ್ಮ ಕಟ್ಟಿಮನಿ’ ಎಂದೇ ಕರೆಯುವುದು, ಅದಕ್ಕೆ ಅವರ ಒಪ್ಪಿಗೆಯನ್ನೇನೂ ನಾವು ಕೇಳಿಲ್ಲ. ಮೇಲೆ ಹೇಳಿದ 2015ರ ಫೈನಲ್‌ನಲ್ಲಿ ಗೋವಾದ ಗೋಲು ಕಾಯುತ್ತಿದ್ದವರು ಅವರೇ. 90ನೇ ನಿಮಿಷದಲ್ಲಿ ಚೆನ್ನೈಯಿನ್‌ಗೆ ಸಮಬಲ ತಂದುಕೊಟ್ಟ ಗೋಲು ದಾಖಲೆಯಲ್ಲಿ ಕಟ್ಟಿಮನಿಯವರ ಸ್ವಂತ ಗೋಲು, ಅಂದರೆ ತಮ್ಮದೇ ತಂಡದ ವಿರುದ್ಧ ಬಿದ್ದ ಗೋಲು, ಎಂದೇ ಇದೆ. ಎರಡು ನಿಮಿಷದಲ್ಲಿ ಮೆಂಡೋಝಾ ಮೂರನೆಯದನ್ನು ಹೊಡೆದು ಮುಗಿಸಿದರು. ಆ ರಾತ್ರಿ ನಮ್ಮ ಓಣಿಯಲ್ಲಿ ಅವರ ಬಗ್ಗೆ ಯಾವ ಮಾತುಗಳು ಬಂದವು ಎಂಬುದನ್ನು ಇಲ್ಲಿ ಬರೆಯಲಾಗದು. ಏಳನೇ ವರ್ಷಕ್ಕೆ, 2022ರ ಮಾರ್ಚ್ 20ರಂದು, ಅದೇ ಫಾತೋರ್ಡಾದಲ್ಲಿ ಮತ್ತೊಂದು ಫೈನಲ್. ಕಟ್ಟಿಮನಿ ಈಗ ಹೈದರಾಬಾದ್ ತಂಡದಲ್ಲಿದ್ದರು, ಎದುರಿಗೆ ಕೇರಳ ಬ್ಲಾಸ್ಟರ್ಸ್, ಕ್ರೀಡಾಂಗಣದ ತುಂಬ ಹಳದಿ ಅಂಗಿಯ ಮಲಯಾಳಿಗಳು. 88ನೇ ನಿಮಿಷದಲ್ಲಿ ಗೋವಾದ ಹುಡುಗ ಸಾಹಿಲ್ ತವೋರಾ ಹೈದರಾಬಾದ್ ಪರ ಹೊಡೆದ ಗೋಲಿನಿಂದ 1–1 ಆಗಿ, ಪಂದ್ಯ ಪೆನಾಲ್ಟಿಗೆ ಹೋಯಿತು. ಕಟ್ಟಿಮನಿ ಮೂರು ಪೆನಾಲ್ಟಿಗಳನ್ನು ತಡೆದರು. ಹೈದರಾಬಾದ್ 3–1ರಿಂದ ಗೆದ್ದಿತು. ಅದನ್ನು ನಾನು ಟಿವಿಯಲ್ಲೇ ನೋಡಿದ್ದು. ಮೂರನೆಯದನ್ನು ತಡೆದಾಗ ಟವೆಲ್ ಮರೆತುಹೋಗಿ ಕೂಗಿಬಿಟ್ಟೆ. ಅವ್ವ ಎದ್ದು ಕುಳಿತಳು. ಕಟ್ಟಿಮನಿಯವರ ಮಗ ಚೆಂಡು ಹಿಡಿದನೆಂದು ಹೇಳಿದೆ. "ಯಾವ ಊರಿನ ಕಟ್ಟಿಮನಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗ್ಗುಲಾದಳು.

ಪ್ಲೇಆಫ್ ಪದ್ಧತಿಯನ್ನು ಇಷ್ಟು ಬೈಯುವವನು ಇದನ್ನೂ ಹೇಳಬೇಕು: ಲೀಗ್ ಹಂತದ ಪಂದ್ಯವೊಂದರಲ್ಲಿ ಕಟ್ಟಿಮನಿ ಮೂರಲ್ಲ, ಆರು ಪೆನಾಲ್ಟಿ ತಡೆದಿದ್ದರೂ 2015ರ ಆ ರಾತ್ರಿಯ ಬಾಕಿ ತೀರುತ್ತಿರಲಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ ಶೀಲ್ಡ್ ಗೆದ್ದ ತಂಡವನ್ನೇ ಚಾಂಪಿಯನ್ ಎಂದು ಕರೆಯಬೇಕು, ಪ್ಲೇಆಫ್‌ಗೆ ಬೇರೊಂದು ಕಪ್ ಕೊಡಬೇಕು ಎಂಬ ನನ್ನ ಹಠವನ್ನು ನಾನು ಬಿಟ್ಟಿಲ್ಲ.

ಬೆಂಗಳೂರು ಎದುರಾದಾಗ ನನ್ನ ಸಂಕಟ ಬೇರೆ. 2019ರ ಮಾರ್ಚ್ 17ರ ಫೈನಲ್ ಮುಂಬೈನ ಅಂಧೇರಿಯಲ್ಲಿ ನಡೆದಿತ್ತು. 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆಕೊಟ್ಟು ಬೆಂಗಳೂರಿಗೆ ಕಪ್ ಗೆದ್ದುಕೊಟ್ಟರು. ಟಿವಿ ಆರಿಸಿದಾಗ ಅವ್ವ ಯಾರು ಗೆದ್ದರೆಂದು ಕೇಳಿದಳು. ಬೆಂಗಳೂರು ಎಂದೆ. "ಮತ್ತ, ನಮ್ಮವರ ಗೆದ್ರಲ್ಲಪಾ, ಮಾರಿ ಯಾಕ ಹಂಗ ಮಾಡೀದಿ?" ಎಂದಳು. ಹುಟ್ಟಿದಾಗಿನಿಂದ ಕೊಂಕಣಿ ಹುಡುಗರ ಜೊತೆ ಗದ್ದೆಯಲ್ಲಿ ಚೆಂಡು ಒದ್ದವನಿಗೆ ‘ನಮ್ಮವರು’ ಯಾರೆಂದು ಅವ್ವನಿಗೆ ಹೇಳಲು ಹೋಗಲಿಲ್ಲ.

2025ರ ಏಪ್ರಿಲ್ 6ರಂದು ಮತ್ತೆ ಬೆಂಗಳೂರೇ, ಮತ್ತೆ ಸೆಮಿಫೈನಲ್, ಮತ್ತೆ ಫಾತೋರ್ಡಾ. ಲೀಗ್ ಹಂತದಲ್ಲಿ 48 ಅಂಕದೊಂದಿಗೆ ನಾವು ಎರಡನೆಯವರು, 38 ಅಂಕದೊಂದಿಗೆ ಅವರು ಮೂರನೆಯವರು. ಕಂಠೀರವದಲ್ಲಿ ನಡೆದ ಮೊದಲ ಲೆಗ್ ಅನ್ನು ಅವರು 2–0ರಿಂದ ಗೆದ್ದಿದ್ದರು. ಈ ಸಲ ಸಹೋದ್ಯೋಗಿಯನ್ನು ಬಿಟ್ಟು ಒಬ್ಬನೇ ಬಸ್ಸಿನಲ್ಲಿ ಹೋದೆ, ರೆಫರಿ ಕೊನೆಯ ಸಿಳ್ಳೆ ಊದುವವರೆಗೆ ಏಳುವುದಿಲ್ಲ ಎಂದು ಮನೆಯಲ್ಲಿ ಹೇಳಿಯೇ ಹೋಗಿದ್ದೆ. ವಿರಾಮದ ನಂತರ ಬೋರ್ಹಾ ಹೆರೆರಾ ಒಂದು ಗೋಲು ಹೊಡೆದರು. 88ನೇ ನಿಮಿಷದಲ್ಲಿ ಸಾದಿಕು ಎರಡನೆಯದನ್ನು ಹೊಡೆದರು. ಒಟ್ಟು ಲೆಕ್ಕ 2–2. ಕಳೆದ ವರ್ಷ ನಾನು ಎದ್ದು ಬಂದದ್ದು ಇದೇ ನಿಮಿಷದಲ್ಲಿ ಎಂಬುದು ಗಡಿಯಾರ ನೋಡಿದಾಗ ಹೊಳೆಯಿತು. ಸುತ್ತಲಿನವರು ಕುಣಿಯುತ್ತಿದ್ದಾಗ ನಾನು ಮಾತ್ರ ಕುರ್ಚಿಯ ಅಂಚನ್ನು ಹಿಡಿದು ಕುಳಿತೆ. ಇನ್ನು ಹೆಚ್ಚುವರಿ ಅವಧಿ, ಬಸ್ಸು ಸಿಗದಿದ್ದರೆ ಮಡಗಾಂವ್ ನಿಲ್ದಾಣದಲ್ಲೇ ರಾತ್ರಿ ಕಳೆಯುವುದು ಎಂದು ಲೆಕ್ಕ ಹಾಕಿದೆ.

ಹೆಚ್ಚುವರಿ ಅವಧಿ ಬರಲಿಲ್ಲ. 92ನೇ ನಿಮಿಷದಲ್ಲಿ ಬಲಗಡೆಯಿಂದ ಚೆಂಡು ಗೋಲಿನ ಮುಂದೆ ಬಂತು, ನಲವತ್ತು ವರ್ಷದ ಸುನಿಲ್ ಛೆಟ್ರಿ ಅದಕ್ಕೆ ತಲೆಕೊಟ್ಟರು. ಬೆಂಗಳೂರಿನಿಂದ ಬಂದಿದ್ದ ನೀಲಿ ಅಂಗಿಯ ಹುಡುಗರ ಮೂಲೆಯಿಂದ ಕನ್ನಡದ ಕೂಗು ಎದ್ದಿತು, ಉಳಿದ ಕ್ರೀಡಾಂಗಣವೆಲ್ಲ ಸ್ತಬ್ಧವಾಗಿದ್ದರಿಂದ ಒಂದೊಂದು ಅಕ್ಷರವೂ ಕೇಳಿಸಿತು. ನನ್ನ ಪಕ್ಕದ ಸಾಲಿನಲ್ಲಿ ಜನ ಎದ್ದು ಹೊರಡತೊಡಗಿದರು. ನಾನು ಕುಳಿತೇ ಇದ್ದೆ. ರೆಫರಿ ಸಿಳ್ಳೆ ಊದಿದ ಮೇಲೂ, ಆಟಗಾರರು ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ಕುಳಿತಿದ್ದು, ದೀಪಗಳನ್ನು ಒಂದೊಂದಾಗಿ ಆರಿಸುವಾಗ ಎದ್ದೆ.

ಮನೆಗೆ ಬಂದಾಗ ಹನ್ನೊಂದೂವರೆ. ಅವ್ವ ಅನ್ನದ ಪಾತ್ರೆಯನ್ನು ಟಿವಿಯ ಮುಂದಿನ ಸ್ಟೂಲಿನ ಮೇಲೆ ಮುಚ್ಚಿಟ್ಟು, ರಿಮೋಟನ್ನೂ ಪಕ್ಕದಲ್ಲೇ ಇಟ್ಟು ಮಲಗಿದ್ದಳು. ನಡುರಾತ್ರಿಯ ಮರುಪ್ರಸಾರಕ್ಕೆ ಇನ್ನು ಅರ್ಧ ಗಂಟೆ ಇತ್ತು. ಕತ್ತಲಲ್ಲೇ ಉಂಡು, ತಟ್ಟೆ ತೊಳೆದಿಟ್ಟು, ಮಲಗಿದೆ.